ಮೊಣಕಾಲಿನ ಮೇಲೆ ನಿಂತ ದತ್ತು

ಅಕ್ಕನ ಮಗ ಒಂಬತ್ತನೇ ತರಗತಿ ಮುಗಿಸಿ ಊರು ಬಿಟ್ಟದ್ದು ಒಂದು ಗುರುವಾರ. ಬ್ಯಾಡಗಿ ಮಾರುಕಟ್ಟೆಯ ದಿನ. ಅಕ್ಕ ಬೆಳಿಗ್ಗೆಯೇ ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸಕ್ಕೆ ಹೋಗಿದ್ದವಳು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಆ ಘಾಟು ಕೈಗೆ ಹತ್ತಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಅದಕ್ಕೇ ಅವಳು ಮಗನ ಕೆನ್ನೆ ಸವರಲಿಲ್ಲ, ಮೊಣಕೈ ಮಡಚಿ ತೋಳಿನಿಂದ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಒಂದು ತಗಡಿನ ಟ್ರಂಕು, ಹೊಸ ಶೂ, ಪ್ಲಾಸ್ಟಿಕ್ ಚೀಲದಲ್ಲಿ ಟಿ.ಸಿ., ಜಾತಿ-ಆದಾಯ ಪತ್ರ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕಬಡ್ಡಿ ಸರ್ಟಿಫಿಕೇಟು. ‘ದತ್ತು ತಗೊಂಡಾರ್ರಿ, ಇನ್ನ ಎಲ್ಲಾ ಅವರ್ದ’ ಎಂದು ಓಣಿಯ ಹೆಂಗಸರಿಗೆ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು. ಆ ಹೆಮ್ಮೆ ಸುಳ್ಳಾಗಿರಲಿಲ್ಲ.

‘ಕ್ರೀಡಾ ದತ್ತು’ ಎಂಬ ಆ ಮಾತನ್ನೇ ಇಲ್ಲಿ ಪರೀಕ್ಷೆಗೆ ಒಡ್ಡಬೇಕಾಗಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಳ್ಳಿಗಳಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ಈ ಮಾತಿನ ಬೆನ್ನು ಹತ್ತಿ ಹೋಗುತ್ತಾರೆ. ಕೆಲವರು ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲವರು ಅದಕ್ಕೂ ಮೊದಲೇ. ಕುಸ್ತಿ, ಕಬಡ್ಡಿ, ಕೊಕ್ಕೊ, ಓಟ, ವಾಲಿಬಾಲ್ ಹೀಗೆ ಆಟ ಯಾವುದಾದರೂ ಇರಬಹುದು, ಹೋಗುವ ದಾರಿ ಒಂದೇ. ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ ಮಟ್ಟಕ್ಕೆ ಏರುತ್ತವೆ. ಜಿಲ್ಲಾ ಮಟ್ಟಕ್ಕೆ ಬರುವಷ್ಟರಲ್ಲಿ ಗೆರೆಯಾಚೆ ಟ್ರ್ಯಾಕ್‌ಸೂಟ್ ತೊಟ್ಟ ಅಪರಿಚಿತರು ನಿಂತಿರುತ್ತಾರೆ. ಹುಡುಗನ ಎತ್ತರ ಕೇಳುತ್ತಾರೆ, ಹುಟ್ಟಿದ ವರ್ಷ ಕೇಳುತ್ತಾರೆ, ಅಪ್ಪನ ಫೋನ್ ನಂಬರ್ ಬರೆದುಕೊಳ್ಳುತ್ತಾರೆ. ಗಣಿತದಲ್ಲಿ ಎಷ್ಟು ಅಂಕ ಬಂತು ಎಂದು ಅವರು ಕೇಳಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಹೊರಗೆ ಹೋಗುವುದೇ ತಪ್ಪು ಎನ್ನುವವನಲ್ಲ ನಾನು. ಹಳ್ಳಿಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದಿರುವಾಗ, ಕಬಡ್ಡಿ ಅಂಕಣ ಎಂದರೆ ಸುಣ್ಣದ ಗೆರೆ ಮತ್ತು ಹರಳು ಕಲ್ಲು ಎನ್ನುವ ಸ್ಥಿತಿ ಇರುವಾಗ, ಮ್ಯಾಟ್ ಮೇಲೆ ಆಡುವ, ಎರಡು ಹೊತ್ತು ಮೊಟ್ಟೆ ಹಾಲು ಸಿಗುವ ಕಡೆಗೆ ಮಗು ಹೋಗುವುದು ಸರಿಯೇ. ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಿವೆ, ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ, ಬಳ್ಳಾರಿ ಜಿಲ್ಲೆಯಲ್ಲಿ 2018ರಿಂದ ಜೆಎಸ್‌ಡಬ್ಲ್ಯೂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳಿಗೆ ಉಚಿತ ಶಿಕ್ಷಣ, ವಸತಿ ಕೊಡುತ್ತ ಬಂದದ್ದು ನಾಡಿಗೆಲ್ಲ ಗೊತ್ತು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದದ್ದೂ ಅದೇ ಊರಿನಲ್ಲಿ. ಇಂಥ ನೆರಳು ಇಲ್ಲದಿದ್ದರೆ ಎಷ್ಟೋ ಬಡ ಮಕ್ಕಳು ಓಟವನ್ನು ಶಾಲೆಯ ಮೈದಾನದಲ್ಲೇ ಬಿಟ್ಟು ಕೂಲಿಗೆ ಹೋಗುತ್ತಿದ್ದರು.

ಇಲ್ಲಿ ನಾನು ತೂಗಿ ನೋಡುತ್ತಿರುವುದು ಬೇರೆ. ಇವರಾರ ಹೆಸರೂ ಇಲ್ಲದ, ಯಾವ ಇಲಾಖೆಯ ಪಟ್ಟಿಯಲ್ಲೂ ಕಾಣದ, ಬಾಯಿಮಾತಿನ ಒಪ್ಪಂದದ ಮೇಲೆ ನಡೆಯುವ ಖಾಸಗಿ ದತ್ತು. ಅದರಲ್ಲಿ ಎಲ್ಲವೂ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ‘ನೀವೇನೂ ಚಿಂತೀ ಮಾಡಬ್ಯಾಡ್ರಿ, ಎಲ್ಲಾ ಫ್ರೀ.’ ಎಷ್ಟು ವರ್ಷ ಫ್ರೀ, ಯಾವುದು ಫ್ರೀ, ಯಾವಾಗ ನಿಲ್ಲುತ್ತದೆ ಎಂಬುದು ಎಲ್ಲೂ ಬರೆದಿರುವುದಿಲ್ಲ.

ನಮ್ಮಲ್ಲಿ ದತ್ತು ಎಂಬುದು ಹಗುರ ಮಾತಲ್ಲ. ಮಕ್ಕಳಿಲ್ಲದ ಮನೆಗೆ ದತ್ತು ಹೋದವನು ಆ ಮನೆಯ ದೀಪ ಹಚ್ಚುತ್ತಾನೆ, ಆಸ್ತಿಯಲ್ಲಿ ಪಾಲು ಪಡೆಯುತ್ತಾನೆ, ಸತ್ತವರಿಗೆ ಕೊಳ್ಳಿ ಇಡುತ್ತಾನೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 15ನೇ ಕಲಂ ಈ ನಂಟು ಮುರಿಯುವಂಥದ್ದಲ್ಲ ಎಂದು ಕಾನೂನಿನ ಮಾತಿನಲ್ಲಿ ಹೇಳುತ್ತದೆ. ಕ್ರಮಬದ್ಧವಾಗಿ ಆದ ದತ್ತಕವನ್ನು ತೆಗೆದುಕೊಂಡವರೂ ರದ್ದು ಮಾಡುವಂತಿಲ್ಲ. ಮಗನಿಗೆ ಕಾಯಿಲೆ ಬಂತು, ಕಾಲು ಕುಂಟಾಯಿತು ಎಂದು ದತ್ತು ತಂದೆ ಅವನನ್ನು ವಾಪಸು ಕಳಿಸಲಾಗದು. ಅಷ್ಟು ದೊಡ್ಡ ಮಾತನ್ನು ಪ್ರತಿ ಜೂನ್‌ನಲ್ಲಿ ನವೀಕರಿಸುವ ಶುಲ್ಕ ವಿನಾಯಿತಿಗೆ ಹಚ್ಚುವುದು ಭಾಷೆಗೂ ಮಗುವಿಗೂ ಮಾಡುವ ಅನ್ಯಾಯ. ಅಕ್ಕ ನಂಬಿದ್ದು ಮೊದಲನೇ ಅರ್ಥವನ್ನು. ಸಂಸ್ಥೆ ಇಟ್ಟುಕೊಂಡದ್ದು ಎರಡನೆಯದನ್ನು.

ಇದಕ್ಕೆ ಇನ್ನೂ ಹಿಂದಿನ ಒಂದು ಮಾದರಿ ನಮ್ಮ ಕಡೆಯೇ ಇತ್ತು. ಪೈಲ್ವಾನರಿಗೆ ಖುರಾಕು ಕೊಡುವ ಪದ್ಧತಿ. ಊರಿನ ಗೌಡರು, ಸಾಹುಕಾರರು ಹಾಲು, ತುಪ್ಪ, ಬಾದಾಮಿಗೆ ಹಣ ಕೊಟ್ಟು ಗರಡಿಯ ಹುಡುಗರನ್ನು ಸಾಕುತ್ತಿದ್ದರು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಖಾಸಬಾಗ್ ಮೈದಾನ ಕಟ್ಟಿಸಿ ಅಖಾಡಕ್ಕೆ ಅರಮನೆಯ ಆಸರೆ ಕೊಟ್ಟರು. ಉತ್ತರ ಕರ್ನಾಟಕದ ಎಷ್ಟೋ ಪೈಲ್ವಾನರು ಅಲ್ಲಿಯ ತಾಲೀಮುಗಳಲ್ಲಿ ಮಣ್ಣು ಮೆತ್ತಿಕೊಂಡವರು. ಆ ಕಾಲದಲ್ಲೂ ಸೋತವನನ್ನು ಕೈಬಿಟ್ಟ ಸಾಹುಕಾರರಿದ್ದರು, ಅದನ್ನು ಹೊಗಳಿ ಬರೆಯಬೇಕಾಗಿಲ್ಲ. ಆದರೆ ಖುರಾಕು ಕೊಟ್ಟವನೂ ತಿಂದವನೂ ಒಂದೇ ಊರಿನವರಾಗಿದ್ದರೆ ಜಾತ್ರೆಯಲ್ಲಿ ಮುಖಾಮುಖಿ ಆಗಲೇಬೇಕಿತ್ತು. ಕೈಬಿಟ್ಟವನು ನಾಲ್ಕು ಜನರ ಮಾತು ಕೇಳಬೇಕಿತ್ತು. ಈಗ ಕೈಬಿಡುವವರು ಮುನ್ನೂರು ಕಿಲೋಮೀಟರ್ ದೂರದ ಕಚೇರಿಯ ಕಿಟಕಿಯ ಹಿಂದೆ ಇರುತ್ತಾರೆ.

ಅಕ್ಕನ ಮಗನ ಸಂಗತಿ ಹೇಳುತ್ತೇನೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಘಟ್ಟದ ಮೇಲಿನ ಒಂದು ಊರು, ಹೈಸ್ಕೂಲಿನಿಂದ ಪದವಿಯವರೆಗೆ ಒಂದೇ ಆವರಣದಲ್ಲಿದೆ. ಅವನು ಒಳ್ಳೆಯ ರೈಡರ್. ಎಡಗಾಲು ಮುಂದಿಟ್ಟು ಬೋನಸ್ ಗೆರೆ ಮುಟ್ಟುವ ಹಾಗೆ ಮಾಡಿ ಬಲಗಾಲಿನಿಂದ ಮೂಲೆಯವನನ್ನು ಹೊಡೆಯುವ ಒಂದು ಚಲನೆ ಅವನಿಗೆ ಹುಟ್ಟಿನಿಂದಲೇ ಬಂದಂತಿತ್ತು. ಹತ್ತನೇ ತರಗತಿಯ ವರ್ಷ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಅವನು ತರಗತಿಯಲ್ಲಿ ಕೂತದ್ದಕ್ಕಿಂತ ಬಸ್ಸಿನಲ್ಲಿ ಕೂತದ್ದು ಹೆಚ್ಚು. ಹಾಜರಾತಿ ಪುಸ್ತಕದಲ್ಲಿ ಮಾತ್ರ ಅವನು ದಿನಾ ಇದ್ದ. ವಿಜ್ಞಾನ ಮತ್ತು ಗಣಿತ ಮೊದಲ ಪರೀಕ್ಷೆಯಲ್ಲಿ ಹೋದವು, ಎರಡನೇ ಪರೀಕ್ಷೆಯಲ್ಲಿ ಹೇಗೋ ದಾಟಿದ. ಪಿಯುಸಿಯಲ್ಲಿ ಕಲಾ ವಿಭಾಗ ಕೊಟ್ಟರು. ಅವನು ಕೇಳಿದ್ದು ವಾಣಿಜ್ಯ. ‘ಪ್ರ್ಯಾಕ್ಟೀಸಿಗೆ ಟೈಮ್ ಸಿಗಂಗಿಲ್ಲ’ ಎಂದರಂತೆ.

ಮೊದಲ ಪಿಯುಸಿಯ ಫೆಬ್ರವರಿಯಲ್ಲಿ ಹೊನಲು ಬೆಳಕಿನ ಟೂರ್ನಿಯೊಂದರಲ್ಲಿ ಮೊಣಕಾಲು ತಿರುಗಿತು. ಅದು ಕಾಲೇಜಿನ ಪಂದ್ಯವೂ ಆಗಿರಲಿಲ್ಲ. ಯಾವುದೋ ಊರಿನ ತಂಡಕ್ಕೆ ಅತಿಥಿ ಆಟಗಾರನಾಗಿ ತರಬೇತುದಾರರೇ ಕಳಿಸಿದ್ದರು. ಲಿಗಮೆಂಟ್ ಹರಿದಿತ್ತು. ಸ್ಕ್ಯಾನಿಂಗ್ ಖರ್ಚು ಅಕ್ಕನದು, ಆಪರೇಷನ್ನಿನ ಖರ್ಚು ಬಂಗಾರದ ಬೋರಮಾಳದ್ದು. ಜೂನ್‌ನಲ್ಲಿ ವಾಪಸು ಹೋದರೆ ಹಾಸ್ಟೆಲಿನ ಹಾಸಿಗೆ ಬೇರೊಬ್ಬ ಹುಡುಗನಿಗೆ ಹೋಗಿತ್ತು. ಎರಡನೇ ವರ್ಷದ ಶುಲ್ಕ ಕಟ್ಟಿದರೆ ಓದಬಹುದು, ಇಲ್ಲದಿದ್ದರೆ ಹೋಗಬಹುದು ಎಂದರು. ಹೋಗುತ್ತೇನೆ ಎಂದರೆ ಹಿಂದಿನ ವರ್ಷದ ಮೆಸ್ ಬಾಕಿ ಕಟ್ಟಿ ಮೂಲ ಅಂಕಪಟ್ಟಿ ಒಯ್ಯಿರಿ ಎಂದರು. ಫ್ರೀ ಎಂದು ತಿಂದ ಅನ್ನಕ್ಕೆ ಬಿಲ್ಲು ಬಂದಿತ್ತು. ಪದವಿ ಕಾಲೇಜುಗಳು ಮೂಲ ದಾಖಲೆ ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ಪಿಯು ಹುಡುಗನ ಕೈಯಲ್ಲಿ ತೋರಿಸಲು ಆ ಕಾಗದವೂ ಇರಲಿಲ್ಲ. ಅಕ್ಕ ದಲಾಲಿ ಅಂಗಡಿಯಲ್ಲಿ ಮುಂಗಡ ಕೂಲಿ ಎತ್ತಿ ಬಾಕಿ ಕಟ್ಟಿದಳು. ಅಂಕಪಟ್ಟಿ ಬಂತು.

ನನ್ನನ್ನು ಇವತ್ತಿಗೂ ಕಾಡುವುದು ಆ ಹುಡುಗ ಕೇಳಿದ ಒಂದು ಮಾತು. ‘ಮಾಮಾ, ನಾ ಏನ್ ತಪ್ಪ ಮಾಡೀನಿ?’

ಈ ಇಡೀ ವ್ಯವಹಾರದಲ್ಲಿ ವಯಸ್ಸಿನ ಲೆಕ್ಕವನ್ನು ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಎಂಟನೇ ತರಗತಿ ಮುಗಿಯಿತೆಂದರೆ ಆ ಕಾಯ್ದೆಯ ಕೊಡೆ ಮಡಚಿತು. ಶಾಲಾ ಕ್ರೀಡೆಯಲ್ಲಿ ಹದಿನಾಲ್ಕು ದಾಟಿದವರು ಹದಿನೇಳರೊಳಗಿನ ವಿಭಾಗಕ್ಕೆ ಬರುತ್ತಾರೆ, ಗೆರೆಯಾಚೆ ನಿಂತವರ ಕಣ್ಣು ಬೀಳುವುದೂ ಆಗಲೇ. ಕಾನೂನು ಕೈಬಿಡುವ ವರ್ಷ ಮತ್ತು ಕೈಹಿಡಿಯಲು ಬರುವವರ ವರ್ಷ ಒಂದೇ ಆಗಿರುವುದರಿಂದ, ನಡುವೆ ನಿಂತು ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ಅಪ್ರಾಪ್ತನ ಕರಾರು ಊರ್ಜಿತವಲ್ಲ ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಮಕ್ಕಳನ್ನು ಸಾಲ ಕೊಡುವವರಿಂದ ಕಾಯುವ ಆ ತತ್ವವನ್ನು ನಮ್ಮ ಕಡೆ ಉಲ್ಟಾ ಹಿಡಿದಿದ್ದಾರೆ. ಹುಡುಗ ಚಿಕ್ಕವನು, ಬರವಣಿಗೆ ಯಾಕೆ ಬೇಕು ಎನ್ನುತ್ತಾರೆ. ತಂದೆತಾಯಿಯ ಜೊತೆ ಬರೆದುಕೊಳ್ಳಲು ಅಡ್ಡಿ ಏನಿದೆ?

ಹೈಸ್ಕೂಲು ಬಿಟ್ಟು ಕಾಲೇಜಿನ ಹಣಕ್ಕೆ ಹೋಗುವ ಹುಡುಗರು ಅಮೆರಿಕದಲ್ಲೂ ಇದ್ದಾರೆ. ಕಾಲೇಜು ಆಟಗಾರರು ತಮ್ಮ ಹೆಸರು, ಮುಖದ ಬಲದಿಂದ ಜಾಹೀರಾತಿನ ಹಣ ಗಳಿಸಬಹುದೆಂದು 2021ರ ಜುಲೈನಲ್ಲಿ ಅಲ್ಲಿ ನಿಯಮ ಬದಲಾಯಿತು. ಮರುತಿಂಗಳೇ ಟೆಕ್ಸಾಸಿನ ಕ್ವಿನ್ ಯೂವರ್ಸ್ ಎಂಬ ಅಮೆರಿಕನ್ ಫುಟ್ಬಾಲ್ ಆಟಗಾರ ಹೈಸ್ಕೂಲಿನ ಕೊನೆಯ ವರ್ಷ ಬಿಟ್ಟು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. ಹೈಸ್ಕೂಲು ಹುಡುಗರ ಇಂಥ ಗಳಿಕೆಯನ್ನು ಅವನ ರಾಜ್ಯ ಒಪ್ಪುತ್ತಿರಲಿಲ್ಲ. ಹಸ್ತಾಕ್ಷರಕ್ಕಾಗಿಯೇ ಮೂರು ವರ್ಷಕ್ಕೆ 14 ಲಕ್ಷ ಡಾಲರ್ ಒಪ್ಪಂದವೆಂದು ಆಗ ಸುದ್ದಿಯಾಯಿತು. ಆ ತಂಡಕ್ಕೆ ಒಂದು ಪಾಸ್ ಕೂಡ ಎಸೆಯದೆ ವರ್ಷದ ಕೊನೆಗೆ ಅವನು ಟೆಕ್ಸಾಸಿಗೆ ಮರಳಿದ. ಹದಿಹರೆಯದವನ ಮೇಲೆ ಅಷ್ಟು ಹಣ ಸುರಿಯುವುದು ನನಗೆ ಒಪ್ಪಿತವಲ್ಲ. ಆದರೂ ಅಲ್ಲಿ ಒಂದು ಸ್ಪಷ್ಟತೆ ಇದೆ. ಹಣ ಅವನ ಹೆಸರಿಗೆ, ಕಾಗದದ ಮೇಲೆ. ನಮ್ಮ ಹುಡುಗನ ಬೆಲೆ ಎಷ್ಟೆಂದು ಸಂಸ್ಥೆಗೆ ಮಾತ್ರ ಗೊತ್ತು. ಅವನು ಗೆದ್ದ ಟ್ರೋಫಿಯ ಫೋಟೋ ಪ್ರವೇಶದ ಜಾಹೀರಾತಿನಲ್ಲಿ ಬರುತ್ತದೆ. ಪದವಿ ಕಾಲೇಜಾದರೆ ನ್ಯಾಕ್ ಮೌಲ್ಯಮಾಪನದಲ್ಲಿ ಕ್ರೀಡಾ ಪ್ರಶಸ್ತಿಗಳಿಗೂ ಅಂಕವಿದೆ. ಅವನು ದುಡಿದು ಕೊಟ್ಟದ್ದು ಇಷ್ಟು. ಹಾಗಾಗಿ ಅವನಿಗೆ ಕೊಡುವ ಸೀಟು ದಾನವಲ್ಲ, ಕೂಲಿ.

ನಮ್ಮ ದೇಶದಲ್ಲೇ ಇದಕ್ಕಿಂತ ನೆಟ್ಟಗಿನ ಕ್ರಮ ಇದೆ. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವು ಗೊತ್ತುಮಾಡಿದ್ದಾರೆ, ಅದರಲ್ಲಿ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ನೇರ ಮಗುವಿನ ಖಾತೆಗೆ. ಪ್ರದರ್ಶನ ಕುಗ್ಗಿದರೆ ಅಲ್ಲಿಯೂ ಪಟ್ಟಿಯಿಂದ ತೆಗೆಯುತ್ತಾರೆ, ಅದು ಆ ಯೋಜನೆಯ ಕೊರತೆ ಎಂದೇ ನನ್ನ ಅಭಿಪ್ರಾಯ. ಆದರೆ ಎಷ್ಟು, ಯಾರಿಗೆ, ಯಾವ ಲೆಕ್ಕದಲ್ಲಿ ಎಂಬುದು ಬರವಣಿಗೆಯಲ್ಲಿದೆ. ಓದಿಲ್ಲದ ತಾಯಿಯೂ ಮತ್ತೊಬ್ಬರಿಂದ ಓದಿಸಿಕೊಂಡು ಕೇಳಬಹುದು.

ಕೇಳಿದರೆ ಕೃತಘ್ನರು ಎನ್ನುತ್ತಾರೆಂಬ ಅಂಜಿಕೆ ನಮ್ಮ ಮನೆಗಳಲ್ಲಿ ಬೇರುಬಿಟ್ಟಿದೆ. 2025ರ ಜನವರಿಯಲ್ಲಿ ದೆಹಲಿಯ ಕೊಕ್ಕೊ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ, ರಾಜ್ಯ ಸರ್ಕಾರ ಕೊಡಲು ಬಂದ ತಲಾ 5 ಲಕ್ಷ ರೂಪಾಯಿಯನ್ನು ಒಲ್ಲೆವೆಂದರು. ನೆರೆಯ ಮಹಾರಾಷ್ಟ್ರ ತನ್ನವರಿಗೆ ಕೊಟ್ಟದ್ದರ ಮುಂದೆ ಇದು ಏನೂ ಅಲ್ಲ ಎಂಬುದು ಅವರ ನೋವು. ಆ ಧೈರ್ಯ ವಿಶ್ವಕಪ್ ಗೆದ್ದ ಮೇಲೆ ಬಂದದ್ದು. ಒಂಬತ್ತನೇ ತರಗತಿಯ ಹುಡುಗನ ಅಪ್ಪನಿಗೆ ಅದನ್ನು ಯಾರು ಕೊಡಬೇಕು? ಟಿ.ಸಿ.ಗೆ ಸಹಿ ಹಾಕುವ ಮುಖ್ಯೋಪಾಧ್ಯಾಯರು ಕೊಡಬಹುದು. ಮಗು ಯಾವ ಶಾಲೆಗೆ, ಯಾವ ಷರತ್ತಿನ ಮೇಲೆ ಹೋಗುತ್ತಿದೆ ಎಂಬ ಒಂದು ಹಾಳೆ ಇಲ್ಲದೆ ಸಹಿ ಹಾಕುವುದಿಲ್ಲ ಎನ್ನಬಹುದು. ಗಾಯವಾದರೆ ಪಿಯುಸಿ ಮುಗಿಯುವವರೆಗೆ ಸೀಟು, ಊಟ ನಿಲ್ಲಿಸುವುದಿಲ್ಲ ಎಂಬ ಒಂದು ಸಾಲು ಅದರಲ್ಲಿದ್ದರೆ ಸಾಕು, ಉಳಿದದ್ದನ್ನು ಆಮೇಲೆ ಬೇಡೋಣ.

ಟೀವಿಯ ಆಸೆಯನ್ನು ಮಾತ್ರ ನಾನು ದೂರುವುದಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ನಮ್ಮ ಹಳ್ಳಿಯ ಆಟಕ್ಕೆ ಬೆಲೆ ಬಂತು. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2.60 ಕೋಟಿ ದಾಟಿದ್ದನ್ನು ಬ್ಯಾಡಗಿಯ ಹುಡುಗರು ಬಾಯಿಪಾಠ ಹೇಳುತ್ತಾರೆ. ಹೇಳಲಿ. ಆ ಮ್ಯಾಟಿಗೆ ಹೋಗುವ ದಾರಿಯಲ್ಲಿ ಬಿದ್ದವನಿಗೆ ಹತ್ತನೇ ತರಗತಿಯ ಗಣಿತವಾದರೂ ಬರಬೇಕು ಎಂಬುದಷ್ಟೇ ನನ್ನ ಹಟ.

ಅಕ್ಕನ ಮಗ ಈಗ ದಲಾಲಿ ಅಂಗಡಿಯೊಂದರಲ್ಲಿ ಚೀಲಗಳ ಲೆಕ್ಕ ಬರೆಯುತ್ತಾನೆ. ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿ ಮುಗಿಸಿದ. ತಾಲ್ಲೂಕು ಕ್ರೀಡಾಕೂಟ ಬಂದರೆ ರಜೆ ಹಾಕಿ ಅಂಕ ಬರೆಯಲು ಹೋಗುತ್ತಾನೆ. ಕಳೆದ ಸಲ ನಾನೂ ಹೋಗಿದ್ದೆ. ಹದಿನೇಳರೊಳಗಿನವರ ಫೈನಲ್ ಮುಗಿದಿತ್ತು, ಗೆದ್ದ ತಂಡದ ಒಬ್ಬ ಸಣಕಲು ರೈಡರ್‌ನ ಅಪ್ಪನ ಮುಂದೆ ಟ್ರ್ಯಾಕ್‌ಸೂಟಿನವರೊಬ್ಬರು ನಿಂತು ಮಾತಾಡುತ್ತಿದ್ದರು. ನಮ್ಮವನು ಅಂಕದ ಹಾಳೆ ಮಡಚಿ ಜೇಬಿಗಿಟ್ಟು, ಎಡಗಾಲು ತುಸು ಎಳೆಯುತ್ತ ಅಲ್ಲಿಗೆ ಹೋಗಿ, ಆ ಅಪ್ಪನ ಕಿವಿಯಲ್ಲಿ ಏನೋ ಹೇಳಿ ಬಂದ.

ಆ ಅಪ್ಪ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು, ನೆಲ ನೋಡುತ್ತಲೇ ಕೇಳಿದ: ‘ಸರ, ತಪ್ಪ ತಿಳ್ಕೋಬ್ಯಾಡ್ರಿ. ಹುಡುಗನ ಕಾಲಿಗೆ ಪೆಟ್ಟಾದ್ರ ಆಮ್ಯಾಲೆ ಹೆಂಗ್ರಿ?’

ಟ್ರ್ಯಾಕ್‌ಸೂಟಿನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆಫೀಸಿನಾಗ ಕೇಳಿ ಹೇಳ್ತೀನಿ’ ಎಂದು ಫೋನ್ ತೆಗೆದುಕೊಂಡು ಗೇಟಿನ ಕಡೆ ನಡೆದರು. ಹುಡುಗ ಇನ್ನೂ ಅಂಕಣದೊಳಗೇ ಇದ್ದ, ಬರಿಗಾಲಲ್ಲಿ, ಸುಣ್ಣದ ಗೆರೆ ತುಳಿಯದಂತೆ ನಿಂತು ಅಪ್ಪನನ್ನೇ ನೋಡುತ್ತಿದ್ದ.