ಕಲ್ಲನ್ನಷ್ಟೇ ಓದಿಸುವ ಹಂಪಿ

ಹಂಪಿಗೆ ಬಂದವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು, ಕಮಲ ಮಹಲು, ಆನೆ ಲಾಯ ನೋಡಿ ಹೊರಡುತ್ತಾರೆ. ದಾರಿಯುದ್ದಕ್ಕೂ ಸಿಗುವ ಬಾಳೆತೋಟ, ಕಬ್ಬು, ಭತ್ತದ ಗದ್ದೆಗಳು ಅವರ ಪಾಲಿಗೆ ಬರೀ ಹಸಿರು. ಆ ಗದ್ದೆಗಳಿಗೆ ನೀರುಣಿಸುವ ತುರ್ತಾ ಕಾಲುವೆಯೂ ವಿಜಯನಗರದ ಅರಸರ ಕಾಲದ್ದೇ ಎಂದು ಅವರಿಗೆ ಹೇಳುವವರಿಲ್ಲ. ಅರಮನೆಯ ಅಡಿಪಾಯವಷ್ಟೇ ಉಳಿದಿದೆ. ಕಾಲುವೆ ಮಾತ್ರ ಇಂದಿಗೂ ಬೆಳೆ ತೆಗೆಸುತ್ತಿದೆ.

ಹಂಪಿಯ ವಿವರಣಾ ವ್ಯವಸ್ಥೆಯ ದೊಡ್ಡ ಕೊರತೆ ಇದೇ. ಸ್ಮಾರಕಗಳ ಮುಂದಿನ ಫಲಕಗಳು ಅರಸ, ಶತಮಾನ, ಶೈಲಿ ಇಷ್ಟನ್ನು ಒಪ್ಪಿಸಿ ಸುಮ್ಮನಾಗುತ್ತವೆ. ಈ ಬಂಡೆಗಾಡಿನಲ್ಲಿ ಅಷ್ಟು ದೊಡ್ಡ ಪಟ್ಟಣ ಅನ್ನ, ನೀರಿಗೆ ಏನು ಮಾಡಿಕೊಂಡಿತ್ತು ಎಂಬ ಸಹಜ ಪ್ರಶ್ನೆಗೆ ಅವುಗಳಲ್ಲಿ ಜಾಗವಿಲ್ಲ. ಉತ್ತರ ಕಣ್ಣೆದುರಿಗೇ ಇದೆ: ತುಂಗಭದ್ರೆಗೆ ಕಟ್ಟಿದ ಅಣೆಕಟ್ಟೆಗಳು, ಕಮಲಾಪುರದ ಕೆರೆ, ಅರಮನೆಯ ಆವರಣದ ಕಲ್ಲಿನ ನೀರುಗಾಲುವೆಗಳು.

ಊರಿನವರ ಪಾಡು ಬೇರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. 2002ರಲ್ಲಿ ಈ ಪ್ರದೇಶವನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಕಾನೂನು ಬಂತು. ಆದರೆ ಪರಂಪರೆ ಎಂಬುದು ಊರವರ ಕಿವಿಗೆ ಹೆಚ್ಚಾಗಿ ಬಿದ್ದದ್ದು ನೋಟಿಸಿನ ಭಾಷೆಯಲ್ಲಿ: ಕಟ್ಟಬೇಡಿ, ಅಗೆಯಬೇಡಿ, ತೆರವು ಮಾಡಿ. 2011ರಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಲಾಯಿತು. ಮಂಟಪಗಳ ರಕ್ಷಣೆ ಬೇಕಿತ್ತು, ನಿಜ. ಆದರೆ ಬಜಾರೆಂದರೆ ಕಂಬಗಳ ಸಾಲೋ, ಕೊಳ್ಳುವ ಮಾರುವ ಜನವೋ ಎಂಬ ಚರ್ಚೆಯನ್ನು ಊರಿನೊಂದಿಗೆ ಮೊದಲೇ ನಡೆಸಬೇಕಿತ್ತು.

ಪರಂಪರೆಯ ವಿವರಣೆ ಕುರಿತು 1957ರಲ್ಲಿ ಪುಸ್ತಕ ಬರೆದ ಅಮೆರಿಕದ ಫ್ರೀಮನ್ ಟಿಲ್ಡನ್, ವಿವರಣೆಯ ಗುರಿ ಪಾಠ ಒಪ್ಪಿಸುವುದಲ್ಲ, ಕುತೂಹಲ ಕೆರಳಿಸುವುದು ಎಂದು ವಾದಿಸಿದ. ಆ ಅಳತೆಗೆ ಹಂಪಿಯ ಫಲಕಗಳು ನಿಲ್ಲುವುದಿಲ್ಲ. ಹಾಗೆಂದು ಇನ್ನಷ್ಟು ಫಲಕ ನೆಟ್ಟರೆ ಸಾಲದು. ಕಾಲುವೆಯ ಏರಿಯ ಮೇಲೊಂದು ನಡಿಗೆದಾರಿ ಗುರುತಿಸಬೇಕು. ನೀರು ಬಿಡುವ ಸರದಿ, ಹೂಳೆತ್ತುವ ಕಾಲ, ತೂಬಿನ ಕೆಲಸ ಬಲ್ಲ ರೈತರೇ ಅಲ್ಲಿ ಮಾತಾಡಬೇಕು. ಅದಕ್ಕೆ ತಕ್ಕ ಕೂಲಿ ಸಿಗಬೇಕು. ಯಾವ ಗದ್ದೆಯ ಬದುವಿಗೆ ಜನ ಬರಬಹುದು, ಯಾವಾಗ ಬರಬಾರದು ಎಂಬುದನ್ನೂ ಅವರೇ ತೀರ್ಮಾನಿಸಬೇಕು. ಇಲ್ಲವಾದರೆ ನಾಟಿ ಮಾಡುವ ಹೆಂಗಸರೂ ಇನ್ನೊಂದು ಪ್ರದರ್ಶನವಾಗಿಬಿಡುತ್ತಾರೆ.

ಈ ನಡಿಗೆದಾರಿಯ ಯೋಜನೆಯ ಕರಡನ್ನು ಮೊದಲು ಕಮಲಾಪುರ, ಆನೆಗುಂದಿಯ ಊರಕಟ್ಟೆಗಳ ಮೇಲೆ ಕನ್ನಡದಲ್ಲಿ ಓದಿ ಹೇಳಲಿ. ಅಲ್ಲಿನವರು ತಿದ್ದಿದ ಮೇಲೆಯೇ ಅದು ಪ್ರವಾಸಿಗರ ಕೈಸೇರಲಿ.