ಮ್ಯೂಟ್ ಆದ ಸಭಿಕರು

ಕೋವಿಡ್ ಬಂದ ಮೇಲೆ ವಿನ್ಯಾಸಕಾರರ ಸಮ್ಮೇಳನಗಳು ಒಂದೊಂದಾಗಿ ಪರದೆಗೆ ಬಂದವು. 1914ರಲ್ಲಿ ಹುಟ್ಟಿದ ಅಮೆರಿಕದ ವಿನ್ಯಾಸಕಾರರ ಸಂಘ ಎಐಜಿಎ, 2020ರ ವಸಂತದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆಸಬೇಕಿದ್ದ ಸಮ್ಮೇಳನವನ್ನು ಆನ್‌ಲೈನ್‌ಗೆ ತಂದಿತು. ಫಿಗ್ಮಾ ಕಂಪನಿಯ ‘ಕಾನ್ಫಿಗ್’ 2020ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಭಾಂಗಣದಲ್ಲಿ ಶುರುವಾಗಿ, ಮರುವರ್ಷ ಪೂರ್ತಿ ಆನ್‌ಲೈನ್ ಆಯಿತು. ಇದರಿಂದ ಆದ ಉಪಕಾರ ಸಣ್ಣದಲ್ಲ. ವಿಮಾನದ ಖರ್ಚು, ವೀಸಾದ ಓಡಾಟ ಎರಡೂ ತಪ್ಪಿದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸಿಗೆಯ ಬೆಳಗ್ಗೆ ಒಂಬತ್ತು ಎಂದರೆ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ. ನಿದ್ದೆಗೆಟ್ಟು ಕೂರುವ ಮನಸ್ಸಿದ್ದರೆ ಇಲ್ಲಿನ ಹುಡುಗಿಯೊಬ್ಬಳೂ ಅಲ್ಲಿನ ಮೊದಲ ಸಾಲಿನಲ್ಲಿ ಕೂರಬಹುದಿತ್ತು.

ಆದರೆ ಸಂಘಟಕರು ಭರವಸೆ ಕೊಟ್ಟದ್ದು ಬರೀ ಉಪನ್ಯಾಸಕ್ಕಲ್ಲ. ‘ಸಮುದಾಯ’ ಎಂಬ ಮಾತು ಇಂಥ ಆಹ್ವಾನಗಳಲ್ಲಿ ತಪ್ಪದೆ ಇರುತ್ತದೆ. ಆ ಮಾತನ್ನು ಪರೀಕ್ಷಿಸಬೇಕಾಗಿದೆ.

ಪರದೆಯ ಮೇಲೆ ಕಳೆದುಹೋದದ್ದು ಏನು ಎಂದು ಕೇಳಿದರೆ ಬಹುತೇಕರ ಉತ್ತರ ಒಂದೇ: ಪಡಸಾಲೆ. ಗೋಷ್ಠಿಯ ನಡುವೆ ಕಾಫಿ ಹಿಡಿದು ನಿಂತಾಗ ಅಪರಿಚಿತರು ಸಿಗುವ ಜಾಗ. ಇದಕ್ಕೆ ಶಾಸ್ತ್ರದ ಬಲವೂ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ಬರೆದ ಪ್ರಸಿದ್ಧ ಲೇಖನದ ಪ್ರಕಾರ, ಹೊಸ ಸುದ್ದಿ, ಹೊಸ ಕೆಲಸ ಆಪ್ತರಿಗಿಂತ ಹೆಚ್ಚಾಗಿ ಬರೀ ಪರಿಚಯದವರ ಮೂಲಕ ಬರುತ್ತವೆ. ಅಂಥ ಪರಿಚಯ ಬೆಳೆಯುವುದೇ ಪಡಸಾಲೆಯಲ್ಲಿ. ಹಾಗಾಗಿ ಪರದೆಯ ಮೇಲೂ ಪಡಸಾಲೆ ಕಟ್ಟಿದರು. ‘ಗ್ಯಾದರ್’ ಎಂಬ ತಾಣದಲ್ಲಿ ಹಳೆಯ ವಿಡಿಯೊ ಗೇಮ್‌ನಂಥ ನಕ್ಷೆಯ ಮೇಲೆ ನಮ್ಮ ಪುಟ್ಟ ಗೊಂಬೆಯನ್ನು ಓಡಾಡಿಸುತ್ತ ಇನ್ನೊಬ್ಬರ ಗೊಂಬೆಯ ಹತ್ತಿರ ಹೋದರೆ ಅವರ ಮುಖ, ದನಿ ತೆರೆದುಕೊಳ್ಳುತ್ತದೆ. ಬೇರೆಡೆ ಐದೈದು ಜನರನ್ನು ಚೀಟಿ ಎತ್ತಿದ ಹಾಗೆ ಒಂದೊಂದು ಕೋಣೆಗೆ ಕಳಿಸಿದರು.

ಇವು ಜಾಣ ಉಪಾಯಗಳೇ. ಆದರೂ ದಿನವಿಡೀ ಪರದೆಯ ಮುಂದೆ ಕೂತವರಿಗೆ ಇವು ಇನ್ನೊಂದು ಕೆಲಸವಾದವು. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಈ ದಣಿವಿಗೆ ನಾಲ್ಕು ಕಾರಣ ಮುಂದಿಟ್ಟರು: ತೀರ ಹತ್ತಿರದಿಂದ ಎಡೆಬಿಡದೆ ದಿಟ್ಟಿಸುವ ಕಣ್ಣುಗಳು, ಸದಾ ಎದುರಿಗಿರುವ ನಮ್ಮದೇ ಮುಖ, ಅಲುಗಾಡದೆ ಕೂರಬೇಕಾದ ಒತ್ತಡ, ಸನ್ನೆಗಳನ್ನು ಕೊಡಲು ಮತ್ತು ಓದಲು ಮನಸ್ಸು ಪಡುವ ಹೆಚ್ಚಿನ ಶ್ರಮ.

ದಣಿವು ನಿಜ. ಆದರೆ ತೊಂದರೆಯ ಬೇರು ಇನ್ನೂ ಆಳದಲ್ಲಿದೆ. ಪಡಸಾಲೆಯಲ್ಲಿ ಪರಿಚಯ ಬೆಳೆಯಬಹುದು, ಸಮುದಾಯ ಹುಟ್ಟುವುದು ಬೇರೆ ಬಗೆಯಲ್ಲಿ. ಅದನ್ನು ತೋರಿಸುವ ಹಳೆಯ ನಿದರ್ಶನವೊಂದು ವಿನ್ಯಾಸದ ಚರಿತ್ರೆಯಲ್ಲೇ ಇದೆ.

ಅಮೆರಿಕದ ಕೊಲರಾಡೊ ಬೆಟ್ಟಗಳ ನಡುವಿನ ಆಸ್ಪೆನ್‌ನಲ್ಲಿ 1951ರಿಂದ ಅಂತಾರಾಷ್ಟ್ರೀಯ ವಿನ್ಯಾಸ ಸಮ್ಮೇಳನ ನಡೆಯುತ್ತಿತ್ತು. ದೊಡ್ಡ ಡೇರೆ, ಒಳ್ಳೆಯ ಹವೆ, ಕಂಪನಿ ಮುಖ್ಯಸ್ಥರೊಡನೆ ವಿನ್ಯಾಸಕಾರರ ಒಡನಾಟ: ಪಡಸಾಲೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? 1970ರಲ್ಲಿ ಅಲ್ಲಿ ಪರಿಸರವೇ ವಿಷಯ. ಆ ವರ್ಷ ಬಂದ ವಿದ್ಯಾರ್ಥಿಗಳು, ಪರಿಸರ ಗುಂಪುಗಳವರು ವೇದಿಕೆಯಿಂದ ಕೆಳಗಿಳಿಯುತ್ತಿದ್ದ ಉಪದೇಶವನ್ನು ಕೇಳಿ ಸುಮ್ಮನೆ ಕೂರಲಿಲ್ಲ. ಫ್ರಾನ್ಸಿನಿಂದ ಬಂದ ತಂಡ ಜಾನ್ ಬೋದ್ರಿಲಾ ಬರೆದ ಹೇಳಿಕೆಯೊಂದನ್ನು ಓದಿತು. ಪರಿಸರದ ಮಾತೇ ಅಧಿಕಾರದ ಮರೆಮಾಚುವಿಕೆ ಎಂಬುದು ಅದರ ಆರೋಪ. ಕೊನೆಯ ದಿನ ವಿಯೆಟ್ನಾಂ ಯುದ್ಧ ನಿಲ್ಲಬೇಕೆಂಬುದೂ ಸೇರಿದ ನಿರ್ಣಯಗಳನ್ನು ಸಭೆಯ ಮುಂದಿಟ್ಟು ಮತ ಕೇಳಿದರು. ಅಧ್ಯಕ್ಷ ಎಲಿಯಟ್ ನಾಯ್ಸ್ ರಾಜೀನಾಮೆ ಕೊಟ್ಟರು. ಅವರ ಮಗ ಎಲಿ ನಾಯ್ಸ್, ಕ್ಲಾಡಿಯಾ ವೈಲ್ ಜೊತೆಗೂಡಿ ಇದೆಲ್ಲವನ್ನೂ ಕಿರುಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಅಪ್ಪನ ಸಭೆ ಒಡೆಯುವುದನ್ನು ಮಗ ಚಿತ್ರೀಕರಿಸಿದ್ದು!

ಆ ವಾರ ಯಾರಿಗೂ ಹಿತವಾಗಿರಲಿಲ್ಲ. ಆದರೆ ಸಭಿಕರು ಪರಸ್ಪರರನ್ನು ಕಂಡುಕೊಂಡದ್ದು ಆಗಲೇ. ಪಕ್ಕದ ಕುರ್ಚಿಯವನಿಗೂ ತನ್ನದೇ ಅಸಮಾಧಾನವಿದೆ ಎಂದು ಗೊತ್ತಾದಾಗ ಬಿಡಿ ಬಿಡಿ ಜನ ಒಂದು ಗುಂಪಾಗುತ್ತಾರೆ. ಮುಂದಿನ ವರ್ಷದ ಸಮ್ಮೇಳನ ಬೇರೆ ರೂಪ ಪಡೆದದ್ದು ಈ ಜಗಳದ ಫಲ.

ಈಗ ಆನ್‌ಲೈನ್ ಸಮ್ಮೇಳನದ ಸಾಮಾನ್ಯ ಸಾಧನವಾದ ವೆಬಿನಾರ್ ನೋಡಿ. ಸಭಿಕರ ಮೈಕ್ ಬಂದ್. ಕ್ಯಾಮೆರಾ ಇಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆಂದು ಕಾಣುವುದಿಲ್ಲ. ಪ್ರಶ್ನೆ ಬರೆದು ಕಳಿಸಿದರೆ ಅದು ಎಲ್ಲರಿಗೂ ಕಾಣಬೇಕೋ ಬೇಡವೋ ಎಂಬ ತೀರ್ಮಾನ ಸಂಘಟಕರದು. ಇದು ಯಂತ್ರದ ಮಿತಿಯಲ್ಲ, ಯಾರೋ ಮಾಡಿದ ವಿನ್ಯಾಸದ ಆಯ್ಕೆ. ಒಂದು ಗುಂಡಿಯ ಜಾಗ ಎಲ್ಲಿರಬೇಕೆಂದು ವಾರಗಟ್ಟಲೆ ವಾದಿಸುವ ವಿನ್ಯಾಸಕಾರರು, ತಮ್ಮದೇ ಸಭೆಯಲ್ಲಿ ತಮ್ಮ ಬಾಯಿಗೆ ಹಾಕಿದ ಈ ಬೀಗವನ್ನು ಪ್ರಶ್ನಿಸದೆ ಒಪ್ಪಿದ್ದು ಸೋಜಿಗ. ಸಭಿಕರನ್ನು ಸಭಿಕರಿಂದಲೇ ಮರೆಮಾಡಿ, ಆಮೇಲೆ ಬಿಡುವಿನ ವೇಳೆಯಲ್ಲಿ ಗೊಂಬೆ ಓಡಾಡಿಸಲು ಹೇಳಿದರೆ ಸಮುದಾಯ ಎಲ್ಲಿಂದ ಬರಬೇಕು?

ಹಾಗಾದರೆ ಪರದೆಯ ಮೇಲೆ ಅದು ಸಾಧ್ಯವೇ ಇಲ್ಲವೆ? ಇದೆ. 2020ರ ಜೂನ್ 27ರಂದು ಮಿಟ್ಜಿ ಒಕೌ ಮತ್ತು ಗ್ಯಾರೆಟ್ ಆಲ್ಬರಿ ‘ಕಪ್ಪು ವಿನ್ಯಾಸಕಾರರು ಎಲ್ಲಿದ್ದಾರೆ?’ ಎಂಬ ಆನ್‌ಲೈನ್ ಸಮ್ಮೇಳನ ನಡೆಸಿದರು. ಜಾರ್ಜ್ ಫ್ಲಾಯ್ಡ್ ಕೊಲೆಯಾಗಿ ಆಗ ಒಂದು ತಿಂಗಳು. ಆ ಪ್ರಶ್ನೆ ಹೊಸದಲ್ಲ. ಶೆರಿಲ್ ಡಿ. ಮಿಲ್ಲರ್ 1987ರಲ್ಲೇ ‘ಪ್ರಿಂಟ್’ ಪತ್ರಿಕೆಯಲ್ಲಿ ಕಪ್ಪು ವಿನ್ಯಾಸಕಾರರ ಗೈರನ್ನು ಕುರಿತು ಬರೆದಿದ್ದರು. ಮಾರಿಸ್ ಚೆರ್ರಿ 2015ರಲ್ಲಿ ಇದೇ ಪ್ರಶ್ನೆಯನ್ನೇ ತಲೆಬರಹ ಮಾಡಿ ಉಪನ್ಯಾಸ ಕೊಟ್ಟಿದ್ದರು. ಅಂದರೆ ಸಭೆಗೆ ಮೊದಲೇ ಪ್ರಶ್ನೆಯಿತ್ತು, ಅದನ್ನು ಹೊತ್ತ ಜನರಿದ್ದರು. ಕಚೇರಿಯಲ್ಲಿ ತಾನೊಬ್ಬಳೇ ಎಂದುಕೊಂಡಿದ್ದವಳಿಗೆ ಅಲ್ಲಿ ತನ್ನಂಥ ಸಾವಿರಾರು ಜನ ಕಂಡರು. ದಿನ ಮುಗಿದರೂ ಬಾಗಿಲು ಮುಚ್ಚಲಿಲ್ಲ. ಸ್ಲ್ಯಾಕ್‌ನಲ್ಲಿ ಮಾತು ಮುಂದುವರಿಯಿತು. ಸ್ವಯಂಸೇವಕರು ಸೇರಿ ಅದನ್ನೊಂದು ಸಂಸ್ಥೆಯಾಗಿ ಬೆಳೆಸಿದರು. ಅವರು ಬಳಸಿದ್ದು ಎಲ್ಲರ ಕೈಯಲ್ಲೂ ಇದ್ದ ಅವೇ ಸಾಧನಗಳು.

ಸಾವಿರಾರು ಮೈಕ್ ಒಟ್ಟಿಗೆ ತೆರೆದರೆ ಸಂತೆಯಾಗುತ್ತದೆ, ಬೈಗುಳ ಸುರಿಯುತ್ತದೆ ಎಂದು ಸಂಘಟಕರು ಹೇಳಬಹುದು. ನಿಜ. ಆದರೆ ಆಸ್ಪೆನ್‌ನಲ್ಲೂ ಎಲ್ಲರೂ ಒಟ್ಟಿಗೆ ಮಾತಾಡಲಿಲ್ಲ. ಬೇಕಿರುವುದು ಇಷ್ಟು: ಯಾರು ಬಂದಿದ್ದಾರೆಂದು ಎಲ್ಲರಿಗೂ ಕಾಣಲಿ. ಬಂದ ಪ್ರಶ್ನೆಗಳೆಲ್ಲ ಬಯಲಲ್ಲಿರಲಿ, ಮಿತಿ ಮೀರಿದವನ್ನಷ್ಟೇ ತೆಗೆಯಲಿ. ಕೊನೆಯ ಗೋಷ್ಠಿಯ ವಿಷಯವನ್ನು ಸಭಿಕರೇ ಗೊತ್ತುಮಾಡಲಿ. ಸಭೆ ಮುಗಿದ ಮೇಲೂ ಉಳಿಯುವ ಒಂದು ಕೋಣೆಯ ಕೀಲಿ ಅವರ ಕೈಯಲ್ಲಿರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಡ. ತಮ್ಮ ವೇದಿಕೆಯನ್ನೇ ಟೀಕಿಸಬಹುದಾದ ಜನರಿಗೆ ಜಾಗ ಬಿಟ್ಟುಕೊಡುವ ಧೈರ್ಯ ಬೇಕು. ಅದಿಲ್ಲದ ಸಮ್ಮೇಳನ ಕೊಡುವುದು ಒಳ್ಳೆಯ ಉಪನ್ಯಾಸಗಳನ್ನು. ಅದನ್ನು ಉಪನ್ಯಾಸ ಎಂದೇ ಕರೆದು ಟಿಕೆಟ್ ಮಾರಲಿ. ಸಮುದಾಯ ಎಂಬ ಮಾತನ್ನು ಬಿಟ್ಟುಬಿಡಲಿ.