ಒಂದೇ ಜಲಮಾರ್ಗ, ಎರಡು ಗ್ರಂಥಗಳು

ಪ್ರವಾಸಕಥನವು ಸಾಹಿತ್ಯವೆನಿಸಿಕೊಳ್ಳಲು ಪ್ರವಾಸಿಯು ಬಹುದೂರ ಹೋಗಿರಬೇಕೆಂಬ ನಿಯಮವಿಲ್ಲ. ಕಂಡುದನ್ನು ಕಂಡಂತೆ ಹೇಳುವ ಶಕ್ತಿ ಅವನಲ್ಲಿರಬೇಕು. ನಮ್ಮ ಆಲಂಕಾರಿಕರು ಇದನ್ನು ಸ್ವಭಾವೋಕ್ತಿಯೆಂದು ಕರೆದರು; ದಂಡಿಯು ಅರ್ಥಾಲಂಕಾರಗಳಲ್ಲಿ ಇದಕ್ಕೇ ಮೊದಲನೆಯ ಸ್ಥಾನವನ್ನಿತ್ತನು. ಈ ಒರೆಗಲ್ಲಿಗೆ ಹಚ್ಚಿ ನೋಡುವುದಕ್ಕಾಗಿ ಅಮೆರಿಕದ ಒಂದು ಜಲಮಾರ್ಗಕ್ಕೆ ಸಂಬಂಧಿಸಿದ ಎರಡು ಇಂಗ್ಲಿಷ್ ಗ್ರಂಥಗಳನ್ನು ಇಲ್ಲಿ ಆರಿಸಿಕೊಂಡಿದೆ.

ಆ ಮಾರ್ಗದ ಪರಿಚಯವು ಮೊದಲು ಅವಶ್ಯ. ವರ್ಜೀನಿಯ ಪ್ರಾಂತದ ನಾರ್ಫಕ್ ನಗರದಿಂದ ದಕ್ಷಿಣಕ್ಕೆ ಹಿನ್ನೀರು, ನದಿ, ಅಳಿವೆ, ಕಾಲುವೆಗಳು ಒಂದರೊಡನೊಂದು ಕೂಡಿಕೊಂಡು, ಫ್ಲಾರಿಡದವರೆಗೆ ಸಾವಿರ ಮೈಲಿಗೂ ಮಿಕ್ಕ ಒಳದಾರಿಯಾಗಿದೆ. ಹೊರಗಡಲಿನಲ್ಲಿ ಹ್ಯಾಟೆರಸ್ ಭೂಶಿರದ ಮರಳುದಿಬ್ಬಗಳು ಎಷ್ಟೋ ಹಡಗುಗಳನ್ನು ನುಂಗಿರುವುದರಿಂದ, ಸಣ್ಣ ಹಾಯಿದೋಣಿಗಳವರು ಈ ಒಳದಾರಿಯನ್ನೇ ಹಿಡಿಯುತ್ತಾರೆ. ಹೊರಡುವ ಕಾಲ ಶರದೃತು. ತಡಮಾಡಿದರೆ ಉತ್ತರದ ನೀರು ಹೆಪ್ಪುಗಟ್ಟುವುದು. ಆತುರಪಟ್ಟರೆ ನವೆಂಬರ್ ಕೊನೆಯವರೆಗೂ ಮುಗಿಯದ ಚಂಡಮಾರುತಗಳ ಭಯ. ಬಡಗಣ ಗಾಳಿಯು ಬೆನ್ನ ಹಿಂದಿನಿಂದ ನೂಕಿ ಉಪಕಾರ ಮಾಡುವುದೇನೋ ನಿಜ. ಆದರೆ ಆಲ್ಬೆಮಾರ್ಲ್ ಹಿನ್ನೀರಿನಂತಹ ಆಳವಿಲ್ಲದ ಕಡೆಗಳಲ್ಲಿ ಅದೇ ಗಾಳಿ ಕಡಿದಾದ ಒತ್ತಲೆಗಳನ್ನೆಬ್ಬಿಸಿ ದೋಣಿಯನ್ನು ಕಂಗೆಡಿಸುವುದು.

ಈ ದಾರಿಯಲ್ಲಿ ಹೋದವರ ಬರಹಗಳಲ್ಲಿ ಹೆಸರಾದುದು ಹೆನ್ರಿ ಪ್ಲಮ್ಮರನ ‘ಹುಡುಗ, ನಾನು, ಬೆಕ್ಕು’ ಎಂಬ ಪುಸ್ತಕ. 1912ರ ಶರತ್ಕಾಲದಲ್ಲಿ ಪ್ಲಮ್ಮರನು ಮಗನನ್ನೂ ಒಂದು ಬೆಕ್ಕನ್ನೂ ಕೂಡಿಕೊಂಡು, ಸುಮಾರು 24 ಅಡಿ ಉದ್ದದ ‘ಮ್ಯಾಸ್ಕಟ್’ ಎಂಬ ದೋಣಿಯಲ್ಲಿ ಮ್ಯಾಸಚೂಸೆಟ್ಸಿನಿಂದ ಹೊರಟು, ಫ್ಲಾರಿಡವನ್ನು ಮುಟ್ಟಿ, 1913ರಲ್ಲಿ ಊರಿಗೆ ಮರಳಿದನು. ಅಗಲವಾದ ಒಡಲು, ಮುಂತುದಿಯಲ್ಲಿಯೇ ನೆಟ್ಟ ಒಂದೇ ಕೂವೆಮರ, ಒಂದೇ ದೊಡ್ಡ ಹಾಯಿ, ನೀರು ತೆಳುವಾದಲ್ಲಿ ಮೇಲಕ್ಕೆತ್ತಿಕೊಳ್ಳಬಹುದಾದ ನಡುಹಲಗೆ: ದೋಣಿಯ ರಚನೆ ಇಷ್ಟೇ. ಆ ಜಾತಿಯ ದೋಣಿಗೆ ‘ಕ್ಯಾಟ್‌ಬೋಟ್’ ಎಂದು ಹೆಸರಿರುವುದರಿಂದ ಗ್ರಂಥದ ಹೆಸರಿನಲ್ಲಿಯೇ ಶ್ಲೇಷೆಯ ಸುಳಿವುಂಟು. 1914ರಲ್ಲಿ ಗ್ರಂಥಕರ್ತನು ತಾನೇ ಕಲ್ಲಚ್ಚಿನಂತಹ ಸಣ್ಣ ಯಂತ್ರವೊಂದರಲ್ಲಿ ಪ್ರತಿಗಳನ್ನು ತೆಗೆದು ಇದನ್ನು ಹೊರಗಿತ್ತನು.

ಗ್ರಂಥದ ಗುಣವೆಲ್ಲ ಅದರ ದಿನಚರಿಯ ರೂಪದಲ್ಲಿದೆ. ದಿನದ ಗಾಳಿ, ದಿನದ ಅಡುಗೆ, ದಿನದ ತೊಡಕು, ಅಲಂಕಾರದ ಹಂಬಲವಿಲ್ಲ. ತನ್ನನ್ನು ಸಾಹಸಿಯೆಂದು ಮೆರೆಸಿಕೊಳ್ಳದೆ, ತನ್ನ ಪಾಡನ್ನು ಕಂಡು ತಾನೇ ನಗಬಲ್ಲ ಲೇಖಕನ ಸಂಗ ಓದುಗನಿಗೆ ಹಿತವಾಗಿದೆ. ಆದರೆ ಗುಣವೆಲ್ಲಿರುವುದೋ ಮಿತಿಯೂ ಅಲ್ಲಿಯೇ ಇದೆ. ದಿನಚರಿಗೆ ಇಂದಿನ ಗಾಳಿ ಗೊತ್ತು. ದೋಣಿ ತೇಲುತ್ತಿರುವ ನೀರು ಅಲ್ಲಿಗೆ ಹೇಗೆ ಬಂದಿತೆಂಬುದನ್ನು ಹೇಳುವುದು ಅದರ ಧರ್ಮವಲ್ಲ. ಓದುಗನಿಗೆ ಆ ಶಾಂತಜಲವು ಪ್ರಕೃತಿಯ ದಾನವೆಂದೇ ತೋರುವುದು.

ಅದು ಎಲ್ಲೆಡೆಯೂ ಪ್ರಕೃತಿಯ ದಾನವಲ್ಲ. ನಾರ್ಫಕ್ಕಿನ ನೀರನ್ನು ಆಲ್ಬೆಮಾರ್ಲಿಗೆ ಸೇರಿಸುವ ಕಾಲುವೆಗಳು ಎರಡು. ಹಳೆಯದು ‘ಡಿಸ್ಮಲ್ ಸ್ವಾಂಪ್’ ಎಂಬ ಮಹಾಜವುಗಿನ ಮೂಲಕ ಹಾದುಹೋಗುವ 22 ಮೈಲಿಗಳ ಕಾಲುವೆ. 1793ರಲ್ಲಿ ಮೊದಲಾಗಿ 1805ರಲ್ಲಿ ಸಂಚಾರಕ್ಕೆ ತೆರೆಯಿತು. ಮರಗಳ ಒಗರಿನಿಂದ ಚಹದ ಬಣ್ಣ ತಳೆದ ಅದರ ನೀರನ್ನು ಇಂದಿಗೂ ಯಾತ್ರಿಕರು ಮೆಚ್ಚುತ್ತಾರೆ. ಅದನ್ನು ತೋಡಿದವರು ಗುಲಾಮರು. ಅವರನ್ನು ಕಂಡು ಹೇಳಿದವನೊಬ್ಬನಿದ್ದಾನೆ. ಅವನೇ ನಮ್ಮ ಎರಡನೆಯ ಗ್ರಂಥಕರ್ತನಾದ ಮೋಸೆಸ್ ಗ್ರ್ಯಾಂಡಿ.

ಉತ್ತರ ಕ್ಯಾರೊಲೈನದ ಕ್ಯಾಮ್ಡನ್ ಸೀಮೆಯಲ್ಲಿ ಗುಲಾಮನಾಗಿ ಹುಟ್ಟಿದ ಈತನ ಆತ್ಮಕಥೆಯು 1843ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕೆಲಸಗಾರರು ನಡುಮಟ್ಟ, ಕೆಲವೆಡೆ ಅದಕ್ಕೂ ಮೇಲೆ, ಕೆಸರಿನಲ್ಲಿ ನಿಂತು ಬೇರು ಕಡಿಯುತ್ತ ಮಣ್ಣು ತೋಡುತ್ತಿದ್ದುದನ್ನೂ, ತಲೆ ನೀರಿನ ಮೇಲಿರುವಷ್ಟು ಕಾಲ ದುಡಿತ ನಿಲ್ಲುತ್ತಿರಲಿಲ್ಲವೆಂಬುದನ್ನೂ ಆತನು ಸ್ವರವೇರಿಸದೆ ಹೇಳುತ್ತಾನೆ. ಆದರೆ ಇದೇ ಕಾಲುವೆ ಆತನಿಗೆ ಬೇರೊಂದು ಬಗೆಯಲ್ಲಿ ಒದಗಿತು. 1812ರಲ್ಲಿ ಆರಂಭವಾದ ಯುದ್ಧದಲ್ಲಿ ಆಂಗ್ಲರ ನೌಕೆಗಳು ಚೆಸಪೀಕ್ ಕೊಲ್ಲಿಯನ್ನು ತಡೆಗಟ್ಟಿದಾಗ ಸರಕೆಲ್ಲ ಈ ಒಳದಾರಿಗೆ ತಿರುಗಿತು. ಗ್ರ್ಯಾಂಡಿಯು ಸರಕುದೋಣಿಗಳ ಮೇಲಾಳಾಗಿ ದುಡಿದು, ಒಡೆಯನ ಪಾಲು ಕೊಟ್ಟು ಉಳಿದುದನ್ನು ಕೂಡಿಹಾಕಿ, ತನ್ನ ಬಿಡುಗಡೆಯ ಬೆಲೆಯನ್ನು ತೆತ್ತನು. ಒಡೆಯನು ಹಣವನ್ನು ತೆಗೆದುಕೊಂಡು ಮೋಸಮಾಡಿದನು. ಎರಡನೆಯ ಒಡೆಯನೂ ಹಾಗೆಯೇ ಮಾಡಿದನು. ಒಂದೊಂದು ಸಲಕ್ಕೂ 600 ಡಾಲರು. ಮೂರನೆಯ ಸಲ ಮಾತ್ರ ಆತನು ಸ್ವತಂತ್ರನಾದನು.

ಮದುವೆಯಾದ ಕೆಲವೇ ತಿಂಗಳಿಗೆ, ಮಾರಾಟವಾದ ಹೆಂಡತಿಯನ್ನು ಗುಲಾಮರ ಸಾಲಿನಲ್ಲಿ ತನ್ನ ಕಣ್ಣೆದುರಿಗೇ ಸಾಗಿಸಿಕೊಂಡು ಹೋದ ಪ್ರಸಂಗವು ಇದರಲ್ಲಿದೆ. ಕರೆದ ದನಿ, ತಿರುಗಿ ನೋಡಿದ ನೋಟ, ಮತ್ತೆಂದೂ ಕಾಣಲಿಲ್ಲವೆಂಬ ಸುದ್ದಿ: ಇಷ್ಟೇ. ಇಲ್ಲಿ ಕರುಣರಸವನ್ನು ಲೇಖಕನು ಹಿಂಡಿ ತೆಗೆದಿಲ್ಲ. ಅದು ಸಂಗತಿಯಿಂದಲೇ ಒಸರಿದೆ. ಈ ಕಥೆಯನ್ನು ಗ್ರ್ಯಾಂಡಿಯ ಬಾಯಿಂದ ಕೇಳಿ ಬರೆದುಕೊಂಡವನು ಜಾರ್ಜ್ ಥಾಮ್ಸನ್ ಎಂಬ ದಾಸ್ಯವಿರೋಧಿ. ಆದ್ದರಿಂದ ಶೈಲಿಯು ಯಾರದೆಂದು ಶಂಕಿಸಬಹುದು. ಆದರೆ ಒಡೆಯರ ಹೆಸರು, ಕೊಟ್ಟ ಹಣ, ಪಡೆದ ಚೀಟಿ, ಅದನ್ನು ಹರಿದವನು ಯಾರೆಂಬುದು, ಇವೆಲ್ಲವನ್ನು ಲೆಕ್ಕದ ಪುಸ್ತಕದಂತೆ ನೆನಪಿಟ್ಟವನು ಅನುಭವಿಸಿದವನೇ ಹೊರತು ಕೇಳಿ ಬರೆದವನಲ್ಲ.

ಈಗ ಎರಡನ್ನೂ ಒರೆಗಿಡೋಣ. ಸ್ವಭಾವೋಕ್ತಿ ಎರಡರಲ್ಲಿಯೂ ಇದೆ. ಪ್ಲಮ್ಮರನದು ಬಿಡುವಿನ ಕಣ್ಣು. ಹೋಗಬೇಕಾದ ಕಾರಣವಿಲ್ಲದವನು ಮಾತ್ರ ಮೋಡವನ್ನು ಅಷ್ಟು ನಿಧಾನವಾಗಿ ನೋಡಬಲ್ಲನು. ಬಿಡುವು ಅಪರಾಧವಲ್ಲ; ಲಘುವಾದ ಗ್ರಂಥವನ್ನು ಗುರುವಾಗಲಿಲ್ಲವೆಂದು ಜರೆಯುವುದು ವಿಮರ್ಶೆಯೂ ಅಲ್ಲ. ಗ್ರ್ಯಾಂಡಿಯದು ಬಿಡುವೆಂಬುದನ್ನೇ ಅರಿಯದ ಕಣ್ಣು. ಆತನಿಗೆ ನೀರೆಂದರೆ ದುಡಿಮೆ, ದುಡಿಮೆಯೆಂದರೆ ಬಿಡುಗಡೆಯ ಆಸೆ. ಒಂದು ಗ್ರಂಥವು ಮೆಚ್ಚಿದವರಿಗೆ ಹಂಚುವುದಕ್ಕಾಗಿ ಹುಟ್ಟಿತು; ಇನ್ನೊಂದು, ದಾಸ್ಯದಲ್ಲಿಯೇ ಉಳಿದಿದ್ದ ಬಂಧುಗಳನ್ನು ಬಿಡಿಸಲು ಹಣ ಕೂಡಿಸುವುದಕ್ಕಾಗಿ ಮಾರಾಟವಾಯಿತು. ಆದುದರಿಂದ ಗ್ರ್ಯಾಂಡಿಯಲ್ಲಿ ಒಂದು ಮಾತೂ ದಂಡವಾಗಿಲ್ಲ.

ನಮ್ಮ ಮತದಲ್ಲಿ ಗ್ರ್ಯಾಂಡಿಯದೇ ಹಿರಿಯ ಗ್ರಂಥ. ಅವನನ್ನು ಓದಿದ ಮೇಲೆ ಪ್ಲಮ್ಮರನ ಸೊಗಸು ಕೆಡುವುದಿಲ್ಲ. ಅದರ ಕೆಳಗೆ ತಳವೊಂದು ಕಾಣತೊಡಗುತ್ತದೆ. ಜಲಯಾತ್ರೆಯ ಬರಹದಲ್ಲಿ ಅಲೆಯ ಮಿನುಗು ಇರಬೇಕು, ಅಲೆಯನ್ನು ಹೊತ್ತ ನೆಲದ ನೆನಪೂ ಇರಬೇಕು; ಎರಡೂ ಒಬ್ಬನಿಗೇ ಒಲಿಯುವುದು ಅಪರೂಪ. ಇವುಗಳನ್ನು ಕನ್ನಡಕ್ಕೆ ತರಬಯಸುವ ಉತ್ಸಾಹಿಗಳಿದ್ದರೆ ಎರಡನ್ನೂ ಒಂದೇ ಸಂಪುಟದಲ್ಲಿ, ಗ್ರ್ಯಾಂಡಿಯನ್ನು ಮೊದಲಿಟ್ಟು, ಪ್ರಕಟಿಸುವುದು ಉಚಿತ.